ಪಂಪಾವತಿ ಹಿಂಡಿದ ಹಸಿಶುಂಠಿ ರಸ

ಶಿವಕುಮಾರಿಯ ಮನೆಯ ಪಡಸಾಲೆಯಲ್ಲಿ ಗೋಣಿತಾಟು ಹಾಸಿಕೊಂಡು ಪಂಪಾವತಿ ಹಸಿಶುಂಠಿಯ ಸಿಪ್ಪೆ ಹೆರೆಯುತ್ತಿದ್ದಳು. ಮಣ್ಣು ಮೆತ್ತಿದ ಬೇರುಗಳು ಎಡಕ್ಕೆ, ಹೆರೆದ ಹಳದಿ ತುಂಡುಗಳು ಬಲಕ್ಕೆ. ಸಿಂಧನೂರಿನಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳ ನಡೆಯುವುದಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನ ಸಂಘಗಳು ಸೇರುತ್ತಿದ್ದವು. ಯಾರೋ ಶೇಂಗಾ ಹೋಳಿಗೆ ತರುವವರು, ಯಾರೋ ಕೌದಿ, ಯಾರೋ ಕಟಕ ರೊಟ್ಟಿ. ಶಿವಕುಮಾರಿ, ಪಂಪಾವತಿಯರಿದ್ದ ಮಸ್ಕಿಯ ಸಂಘದವರು ಹಸಿಶುಂಠಿ ರಸ ಎಂದು ಹೆಸರು ಬರೆಸಿದ್ದರು. ಆ ಮಾತನ್ನು ಮೊದಲು ಎತ್ತಿದವಳು ಪಂಪಾವತಿಯೇ.

ಹಿಂದಿನ ತಿಂಗಳು ಚಳಿ ಬಿದ್ದು ಸಂಘದ ಸಭೆಯಲ್ಲಿ ಎಲ್ಲರೂ ಕೆಮ್ಮುತ್ತಿದ್ದಾಗ ಅವಳು ಮನೆಯಲ್ಲಿ ರಸ ಹಿಂಡಿ, ಸಣ್ಣ ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ತಂದಿದ್ದಳು. ಅಲ್ಲಿಯೇ ಯಾರೂ ಕುಡಿಯಲಿಲ್ಲ. ಮನೆಗೆ ಒಯ್ದು ಕುಡಿಯುತ್ತೇವೆ ಅಂದರು. ಮುಂದಿನ ಸಭೆಗೆ ಡಬ್ಬಿಗಳು ತಿರುಗಿ ಬಂದವು, ಬರಿದಾಗಿ ಅಲ್ಲ, ಒಂದೊಂದರಲ್ಲೂ ಒಂದೊಂದು ಹಿಡಿ ಸಕ್ಕರೆ ಹಾಕಿ. ಬರಿ ಡಬ್ಬಿ ತಿರುಗಿಸಬಾರದೆಂಬ ಮರ್ಯಾದೆ ಅದು. ಆ ಸಕ್ಕರೆ ನೋಡಿ ಪಂಪಾವತಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಅದನ್ನು ಚಹಾಕ್ಕೆ ಹಾಕದೆ ಬೇರೆ ಎತ್ತಿಟ್ಟು ಗಂಡನಿಗೆ ತೋರಿಸಿದ್ದಳು.

"ಪಂಪಾವತಿ ಕೈ ಅಂದ್ರ ಮಿಷನ್ ನೋಡವ್ವಾ," ಅಂದಳು ರೂಪಾ. ಅವಳು ಹೆರೆದ ತುಂಡುಗಳನ್ನು ಬುಟ್ಟಿಗೆ ತುಂಬಿಕೊಂಡು ಹಿತ್ತಲ ನಲ್ಲಿಗೆ ಒಯ್ಯುತ್ತಿದ್ದಳು.

"ಮಿಷನ್ ಕೆಡತೈತಿ, ಈಕಿ ಕೆಡಂಗಿಲ್ಲ," ಅಂತ ಒಳಗಿನಿಂದ ಯಶೋಧರಾ ಕೂಗಿದಳು. ಅವಳದು ಅಡುಗೆಮನೆಯಲ್ಲಿ ತುರಿದು ಹಿಂಡುವ ಕೆಲಸ.

ಒಂದು ವಿಷಯ ಮಾತ್ರ ಪಂಪಾವತಿಗೆ ಮೊದಲ ದಿನದಿಂದಲೂ ಸರಿ ಕಾಣುತ್ತಿರಲಿಲ್ಲ. ಶುಂಠಿಯನ್ನು ಮೊದಲು ತೊಳೆದು ಆಮೇಲೆ ಸಿಪ್ಪೆ ತೆಗೆಯಬೇಕು. ಇಲ್ಲಿ ಮಣ್ಣಿದ್ದ ಹಾಗೆಯೇ ಅವಳ ಮುಂದೆ ಸುರಿಯುತ್ತಿದ್ದರು, ಅವಳು ಹೆರೆದಾದ ಮೇಲೆ ಹಿತ್ತಲಿಗೆ ಒಯ್ದು ತೊಳೆಯುತ್ತಿದ್ದರು. ಕೇಳಿದ್ದಕ್ಕೆ ಶಿವಕುಮಾರಿ, "ನಮ್ಮ ಮನಿ ಪದ್ಧತಿ ಹಿಂಗ ಐತೆವ್ವಾ," ಅಂದಿದ್ದಳು. ಒಂದೊಂದು ಮನೆಗೆ ಒಂದೊಂದು ಪದ್ಧತಿ, ಇರಲಿ ಎಂದುಕೊಂಡು ಪಂಪಾವತಿ ಸುಮ್ಮನಾಗಿದ್ದಳು.

ಶಿವಕುಮಾರಿ ಸಂಘದ ಅಧ್ಯಕ್ಷೆ. ಗಂಡನದು ಪೇಟೆಯಲ್ಲಿ ಕಿರಾಣಿ ಅಂಗಡಿ. ತೋಳಿಗೆ ಬಿಗಿಯಾದ ಬಂಗಾರದ ಬಳೆ, ಬಾಯಿಗೆ ಯಾವಾಗಲೂ ಒಂದು ಒಳ್ಳೆಯ ಮಾತು. ಆವತ್ತೂ ಕಾಗದದ ಕಪ್ಪುಗಳಲ್ಲಿ ಎಲ್ಲರಿಗೂ ಚಹಾ ತಂದುಕೊಟ್ಟು, ಬಾಗಿಲಿಗೆ ಒರಗಿ ನಿಂತು ಹೇಳಿದಳು:

"ಹೋದ ತಿಂಗಳ ನೀ ಕೊಟ್ಟಿದ್ದಿಯಲ್ಲಾ ಪಂಪಾವತಿ, ಆ ರಸ, ನಮ್ಮ ಮನಿಯವರು ಕುಡದು ಕೆಮ್ಮು ಹೇಳಿದಂಗ ಹೋತು ನೋಡು. ಏನ್ ಬೆಲ್ಲಾ ಬಿದ್ದಿತ್ತವ್ವಾ ಅದಕ್ಕ! ಆ ಹದಾ ನಮಗ ಬರವಲ್ದು."

ಪಂಪಾವತಿಯ ಚಾಕು ನಿಂತಿತು.

ಆ ರಸಕ್ಕೆ ಅವಳು ಬೆಲ್ಲ ಹಾಕಿರಲೇ ಇಲ್ಲ. ಬರಿ ಶುಂಠಿಯ ರಸ. ಮನೆಯಲ್ಲಿ ಜೇನಿದ್ದರೆ ಕಲಸಿಕೊಳ್ಳಿ, ಇಲ್ಲದಿದ್ದರೆ ಬೆಲ್ಲ ಹಾಕಿಕೊಳ್ಳಿ ಎಂದು ಎಲ್ಲರಿಗೂ ಹೇಳಿಯೇ ಕೊಟ್ಟಿದ್ದಳು. ಯಾರೂ ಆ ಮಾತಿಗೆ ಕಿವಿಗೊಟ್ಟಿರಲಿಲ್ಲ ಎಂದು ಈಗ ಗೊತ್ತಾಯಿತು.

ಹೊಸ್ತಿಲ ಹೊರಗೆ ಕೂತು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ ಶಾಕೀರಾ ನಕ್ಕುಬಿಟ್ಟಳು. "ಬೆಲ್ಲಾ ಎಲ್ಲಿತ್ರೀ ಅಕ್ಕಾ? ನಾ ಒಂದ ಗುಟುಕ ಕುಡದು ಮನಿ ತುಂಬಾ ಕುಣದಾಡಿದ್ದೆ. ನಾಲಿಗಿ ಸುಟ್ಟ ಹೋಗಿತ್ತು. ನಮ್ಮ ಅಮ್ಮೀ ನಕ್ಕಿದ್ದೇ ನಕ್ಕಿದ್ದು."

ಶಿವಕುಮಾರಿಯ ಮುಖದಲ್ಲಿ ಏನೋ ಒಂದು ಸರಿದುಹೋಯಿತು. "ಹಂಗಾರ ನಾವ ಹಾಕಿದ್ವಿ ಕಾಣ್ತೈತಿ. ನೆನಪಿಲ್ಲವ್ವಾ."

ಪಂಪಾವತಿಗೆ ಆ ಮಾತನ್ನು ನಂಬಬೇಕು ಅನ್ನಿಸಿತು. ನಂಬಲಿಕ್ಕೆಂದೇ ಒಳಗೆ ಕತ್ತು ಚಾಚಿ ಕೇಳಿದಳು. "ಯಶೋಧರಕ್ಕಾ, ನಿಮಗ ಹೆಂಗನಿಸಿತ್ತು?"

"ಸಿಹಿ ಇತ್ತವ್ವಾ, ಛಲೋ ಸಿಹಿ ಇತ್ತು," ಅಂದಳು ಯಶೋಧರಾ. ಹೊರಗೆ ನಡೆದ ಮಾತು ಅವಳಿಗೆ ಪೂರ್ತಿ ಕೇಳಿಸಿರಲಿಲ್ಲ.

ರೂಪಾ ತಲೆ ಎತ್ತಲಿಲ್ಲ. ಬುಟ್ಟಿಯಲ್ಲಿದ್ದ ತುಂಡುಗಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಹಾಕಿದಳು.

ಪಂಪಾವತಿ ಚಾಕು ಕೆಳಗಿಟ್ಟು ಎದ್ದಳು. ತಲೆ ನೋಯುತ್ತಿದೆ ಎಂದಷ್ಟೇ ಹೇಳಿ ಮೆಟ್ಟಿಲು ಇಳಿದಳು. ಕಾಗದದ ಕಪ್ಪಿನಲ್ಲಿ ಅವಳ ಚಹಾ ಹಾಗೆಯೇ ಉಳಿಯಿತು.

ಓಣಿಯ ತಿರುವಿನಲ್ಲಿ ಶಾಕೀರಾ ಓಡಿಬಂದು ಅವಳನ್ನು ಕೂಡಿಕೊಂಡಳು. "ನಾ ಬಾಯಿ ಬಿಡಬಾರ್ದಾಗಿತ್ತು ಕಾಣ್ತೈತಿ."

"ಬಿಟ್ಟಿದ್ದ ಛಲೋ ಆತು. ಪೂರಾ ಹೇಳು."

ಶಾಕೀರಾ ಹೇಳಿದಳು. ಶಿವಕುಮಾರಿ ಡಬ್ಬಿಯನ್ನು ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಬಗ್ಗಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಪಂಪಾವತಿ ಬಾರದ ದಿನ ಚಹಾ ಸ್ಟೀಲ್ ಗಲಾಸಿನಲ್ಲಿ ಬರುತ್ತಿತ್ತು. ಕಾಗದದ ಕಪ್ಪು ಬರುತ್ತಿದ್ದದ್ದು ಪಂಪಾವತಿ ಬಂದ ದಿನ ಮಾತ್ರ, ಭೇದ ಕಾಣಬಾರದೆಂದು ಎಲ್ಲರಿಗೂ.

"ನಿನಗ?"

"ನನಗೂ ಹೊಸ್ತಿಲ ಹೊರಗ ಜಾಗಾ. ನಾ ಚೀಟಿ ಅಂಟಿಸಾಕಿ. ಅಂಟು ನನ್ನ ಕೈಗೆ, ರಸಾ ಅವರ ಕೈಗೆ."

"ಹಂಗಾರ ನಿನಗ ಮೊದ್ಲ ಗೊತ್ತಿತ್ತೇನು?"

"ಗೊತ್ತಿತ್ತಬೇ. ನಿನಗ ಗೊತ್ತಿಲ್ಲ ಅನ್ನೋದು ಗೊತ್ತಿರ್ಲಿಲ್ಲ."

ಪಂಪಾವತಿಗೆ ಬಂದ ಸಿಟ್ಟು ಮೊದಲು ಶಿವಕುಮಾರಿಯ ಮೇಲೆ ಬರಲಿಲ್ಲ. ತನ್ನ ಮೇಲೆಯೇ ಬಂತು. ಗೊತ್ತಿರಲಿಲ್ಲವೆ? ಅವಳು ಹುಟ್ಟಿದ್ದು ತುರ್ವಿಹಾಳದ ದಲಿತರ ಓಣಿಯಲ್ಲಿ. ಅವ್ವ ಗದ್ದೆಮ್ಮ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಮೊಣಕಾಲು ಮಟ್ಟ ಕೆಸರಲ್ಲಿ ನಿಂತು, ಬಾಯಾರಿದರೆ ಧಣಿಯ ಮನೆಯ ಆಳು ಮೇಲಿನಿಂದ ಸುರಿದ ನೀರಿಗೆ ಬೊಗಸೆ ಒಡ್ಡುತ್ತಿದ್ದಳು. ಅವ್ವನ ಬೊಗಸೆಯ ಪಕ್ಕದಲ್ಲಿ ಪಂಪಾವತಿಯೂ ತನ್ನ ಸಣ್ಣ ಬೊಗಸೆ ಒಡ್ಡಿದ್ದಾಳೆ. ಅದೆಲ್ಲ ತುರ್ವಿಹಾಳದಲ್ಲಿ ಬಿಟ್ಟುಬಂದ ಸಂಗತಿ ಎಂದುಕೊಂಡಿದ್ದಳು. ಭೀಮೇಶನನ್ನು ಮದುವೆಯಾಗಿ ಮಸ್ಕಿಗೆ ಬಂದಳು. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಅವನಿಗೆ ಗುಮಾಸ್ತನ ನೌಕರಿ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು, ಹೊರಗಿನ ಕೋಣೆಯಲ್ಲಿ ಬುದ್ಧನ ಮೂರ್ತಿ ಇಟ್ಟರು. ಸಂಘಕ್ಕೆ ಸೇರಿದಾಗ ಶಿವಕುಮಾರಿ ಅವಳ ಕೈ ಹಿಡಿದು, ನಾವೆಲ್ಲ ಅಕ್ಕತಂಗಿಯರು ಅಂದಳು. ಅದೆಲ್ಲ ಮುಗಿಯಿತು ಎಂದು ಪಂಪಾವತಿ ಅಷ್ಟಕ್ಕೇ ನಂಬಿಬಿಟ್ಟಿದ್ದಳು. ಒಂದು ಹಿಡಿ ಸಕ್ಕರೆಗೆ ಹಿಗ್ಗಿದ್ದಳು. ಆ ಹಿಗ್ಗು ನೆನೆದಾಗ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಸಂಜೆ ಬೈಕು ನಿಲ್ಲಿಸಿ ಒಳಗೆ ಬಂದ ಭೀಮೇಶನಿಗೆ ಎಲ್ಲ ಹೇಳಿದಳು. ಅವನು ಶೂ ಬಿಚ್ಚುತ್ತ ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ, "ಬಿಟ್ಟಬಿಡು ಪಂಪೀ. ಸಂಘಾ ಇಲ್ಲದಿದ್ರ ನಮ್ಮ ಮನ್ಯಾಗ ಒಲಿ ಹೊತ್ತಂಗಿಲ್ಲೇನು?" ಅಂದ.

"ಒಲಿ ಮಾತಲ್ರೀ ಇದು."

"ಮತ್ತೇನು? ನಮ್ಮ ಕಚೇರ್ಯಾಗ ಎಲ್ಲಾರೂ ಒಂದ ಕಡೆ ಚಾ ಕುಡೀತೀವಿ. ನನ್ನ ಹೆಗಲ ಮ್ಯಾಲ ಕೈ ಹಾಕ್ತಾರ. ಗೃಹಪ್ರವೇಶಕ್ಕ ಕರದಿದ್ದೆ, ನೆನಪೈತೇನು? ಯಾರ ಬಂದಿದ್ರು? ಒಬ್ಬರಿಗೆ ಜ್ವರಾ, ಒಬ್ಬರಿಗೆ ಬೀಗರು ಬಂದಿದ್ರು, ಒಬ್ಬರದು ಬೈಕ್ ಪಂಚರ್. ಮರುದಿನ ನಾ ಯಾರನ್ನೂ ಕೇಳಲಿಲ್ಲ. ಹಿಂಗ ನಡಸ್ಕೊಂಡ ಹೋಗಬೇಕು."

"ನೀವು ಕೇಳಲಿಲ್ಲ, ಅದಕ್ಕ ಅವರ ಬೈಕು ಇನ್ನಾ ಪಂಚರ್ ಆಗ್ತಾನ ಅದಾವು."

ಭೀಮೇಶನಿಗೆ ನಗು ಬಂತು, ಆದರೆ ಹೆಂಡತಿಯ ಮುಖ ನೋಡಿ ನುಂಗಿಕೊಂಡ. "ಕೇಳಿ ಏನ್ ಮಾಡ್ತಿ? ಕಂಪ್ಲೇಂಟ್ ಕೊಡ್ತಿಯಾ? ಬೈದಿಲ್ಲ, ಹೊಡದಿಲ್ಲ, ಒಳಗ ಬರಬ್ಯಾಡ ಅಂತನೂ ಅಂದಿಲ್ಲ. ಏನಂತ ಬರಸ್ತಿ? ನಾ ಕೊಟ್ಟ ರಸಾ ಕುಡೀಲಿಲ್ಲ ಅಂತನಾ?"

"ಹೌದು, ಅದ. ನಾ ಕೊಟ್ಟ ರಸಾ ಕುಡೀಲಿಲ್ಲ. ಕುಡದೀವಂತ ಸುಳ್ಳ ಹೇಳಿದ್ರು. ನನ್ನ ಕಡಿಂದ ಕಲಕೊಂಡು, ನನ್ನ ಕೈ ದೂರ ಇಟ್ಟು, ಅದನ್ನ ಸಿಂಧನೂರಾಗ ಮಾರಾಕ ಹೊಂಟಾರ." ಅವಳ ದನಿ ಏರಿತು. "ನಾ ಹಿಂಡಿದ್ದನ್ನ ನನ್ನ ಕೈಲೇ ಜನರಿಗೆ ಕೊಡಬೇಕ್ರಿ. ಅಷ್ಟ ಬೇಕು ನನಗ."

ಭೀಮೇಶ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದ.

ಮರುದಿನ ಬೆಳಿಗ್ಗೆ ಪಂಪಾವತಿ ಅಡುಗೆಮನೆಯ ನೆಲದ ಮೇಲೆ ಕೂತಳು. ಮನೆಯಲ್ಲಿದ್ದ ಶುಂಠಿಯನ್ನೆಲ್ಲ ಬುಟ್ಟಿಗೆ ಹಾಕಿ ನೀರಲ್ಲಿ ನೆನೆಸಿ, ಗಣ್ಣು ಗಣ್ಣು ಮುರಿದು, ಸಂದಿಯ ಮಣ್ಣನ್ನು ಹೆಬ್ಬೆರಳಿಂದ ತಿಕ್ಕಿ ತೊಳೆದಳು. ಚಮಚದ ಅಂಚಿನಿಂದ ಹೆರೆದರೆ ಸಿಪ್ಪೆ ತೆಳ್ಳಗೆ ಏಳುತ್ತದೆ, ತಿರುಳು ದಂಡವಾಗುವುದಿಲ್ಲ. ಮಿಕ್ಸಿ ಕಪಾಟಿನಲ್ಲಿತ್ತು, ಅವಳು ಅದರ ಕಡೆ ನೋಡಲಿಲ್ಲ. ತುರಿಯುವ ಮಣೆಗೆ ಶುಂಠಿ ಒತ್ತಿ ಹಿಡಿದು ತುರಿದಳು. ಒಂದೊಂದು ಎಳೆತಕ್ಕೂ ಒಂದೊಂದು ಮಾತು ಒಳಗೆ ಎದ್ದು ಬರುತ್ತಿತ್ತು. ಅಕ್ಕತಂಗಿಯರು. ಮನಿ ಪದ್ಧತಿ. ಏನ್ ಬೆಲ್ಲಾ ಬಿದ್ದಿತ್ತವ್ವಾ. ಬೆರಳ ಗಣ್ಣು ಮಣೆಗೆ ತಾಗಿ ಚರ್ಮ ಕಿತ್ತುಬಂತು. ಶುಂಠಿಯ ಖಾರ ಆ ಗಾಯಕ್ಕೆ ಇಳಿದು ಕಣ್ಣಲ್ಲಿ ನೀರಾಡಿತು. ಗಾಯಕ್ಕೊಂದು ಬಟ್ಟೆ ಸುತ್ತಿಕೊಂಡು ಇನ್ನೊಂದು ಕೈಯಲ್ಲಿ ತುರಿದಳು.

ತುರಿಯನ್ನು ಹಳೆಯ ಧೋತರದ ಅರಿವೆಗೆ ಹಾಕಿ, ನಾಲ್ಕು ಮೂಲೆ ಕೂಡಿಸಿ ಗಂಟು ಮಾಡಿ, ಹಿಂಡಿದಳು. ಮೊದಲು ಹನಿ ಹನಿ, ಆಮೇಲೆ ಮುಷ್ಟಿ ಬಿಗಿದಂತೆ ಸಣ್ಣ ಧಾರೆ. ರಸ ಮುಂಗೈವರೆಗೆ ಹರಿದು ಚುರುಗುಟ್ಟಿತು. ನಾಟಿಯ ದಿನಗಳಲ್ಲಿ ಅವ್ವ ಹೀಗೆಯೇ ಹಿಂಡುತ್ತಿದ್ದಳು. ಮೈಯೊಳಗೆ ಹೊಕ್ಕ ಕೆಸರಿನ ಥಂಡಿ ಬಿಡಲೆಂದು ಓಣಿಯ ಹೆಂಗಸರೆಲ್ಲ ಅವಳ ಬಾಗಿಲಿಗೆ ಬಂದು ಒಂದೊಂದು ಗುಟುಕು ಕುಡಿದು, ಖಾರಕ್ಕೆ ಮುಖ ಕಿವುಚಿ, ಬೈಯುತ್ತ ಗದ್ದೆಗೆ ಹೋಗುತ್ತಿದ್ದರು. ಹಿಂಡಿದ ರಸವನ್ನು ಬೋಗುಣಿಯಲ್ಲಿ ಅಲುಗಾಡಿಸದೆ ಇಟ್ಟರೆ ಬಿಳಿಯ ಹಿಟ್ಟು ತಳಕ್ಕೆ ಇಳಿಯುತ್ತದೆ. ಮೇಲಿನ ಹೊಂಬಣ್ಣದ ತಿಳಿಯನ್ನಷ್ಟೇ ಬೇರೆ ಬಗ್ಗಿಸಿಕೊಳ್ಳಬೇಕು. ರಸ ತಿಳಿಯಾಗುವವರೆಗೆ ಪಂಪಾವತಿ ಅದರ ಮುಂದೆ ಕೂತಳು. ರಸ ತಿಳಿಯಾಯಿತು, ಅವಳ ತಲೆ ತಿಳಿಯಾಗಲಿಲ್ಲ.

ಈ ಸಲ ಬೆಲ್ಲ ಕುಟ್ಟಿ ಹಾಕಿದಳು. ನಿಂಬೆಹಣ್ಣು ಹಿಂಡಿದಳು. ಒಂದು ಚರಿಗೆಯಲ್ಲಿ ತುಂಬಿಕೊಂಡು, ತನ್ನ ಮನೆಯ ಸ್ಟೀಲ್ ಗಲಾಸು ತೆಗೆದುಕೊಂಡು ಶಿವಕುಮಾರಿಯ ಮನೆಗೆ ಹೋದಳು.

ಪಡಸಾಲೆಯಲ್ಲಿ ಶಿವಕುಮಾರಿಯ ಅತ್ತೆ ಬಸವಣ್ಣೆಮ್ಮ ಹಣೆತುಂಬ ವಿಭೂತಿ ಹಚ್ಚಿಕೊಂಡು ಮಂಚದ ಮೇಲೆ ಕೂತಿದ್ದಳು. ಶಿವಕುಮಾರಿ ನಗುತ್ತ ಹೊರಬಂದಳು. "ತಲಿನೋವು ಹೋತೇನವ್ವಾ? ನಿನ್ನ ಗೋಣಿತಾಟು ಹಾಸೇ ಐತಿ ನೋಡು."

"ಸಿಪ್ಪಿ ಹೆರ್ಯಾಕ ಬಂದಿಲ್ರಿ ಅಕ್ಕಾ. ಬೆಲ್ಲಾ ಹಾಕಿದ ರಸಾ ತಂದೀನಿ." ಪಂಪಾವತಿ ಗಲಾಸಿಗೆ ರಸ ಸುರಿದು ಮುಂದೆ ಚಾಚಿದಳು. "ಹೋದ ತಿಂಗಳ ಕುಡದಿದ್ದಕ್ಕೂ ಇದಕ್ಕೂ ಏನ್ ಫರಕ ಐತಿ, ಹೇಳ್ರಿ."

"ಅಯ್ಯ, ಇವತ್ತ ಸೋಮವಾರಲ್ಲಾ, ನಂದು ಒಪ್ಪತ್ತು. ಇಟ್ಟ ಹೋಗು, ಆಮ್ಯಾಲೆ..."

"ಕರಿಬೇವಿನ ಗಿಡಕ್ಕೂ ಸೋಮವಾರ ಒಪ್ಪತ್ತೇನ್ರಿ?"

ಶಿವಕುಮಾರಿಯ ನಗು ಮುಖದ ಮೇಲೆಯೇ ಒಣಗಿತು. ಮಾತು ಬಂದದ್ದು ಮಂಚದ ಕಡೆಯಿಂದ.

"ಯಾಕ ಆಕಿನ್ನ ಕಾಡಾಕತ್ತಿ?" ಬಸವಣ್ಣೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಹವಾ ಹೇಗಿದೆ ಎಂದು ಹೇಳುವಂತಿತ್ತು. "ನಿಮ್ಮ ಕೈದು ಒಣಾದು ನಡೀತೈತಿ, ಹಸೀದು ನಡಿಯಂಗಿಲ್ಲ. ಕಾಳು ಕೊಡು, ಸುಂಟಿ ಕೊಡು, ತೊಳದು ತಗೋತೀವಿ. ನೀರು, ರಸಾ, ಸಾರು, ಇವು ಹಸೀ ಆದ್ವು. ಇಷ್ಟ ದೊಡ್ಡಾಕಿ ಆಗಿ, ನಿಮ್ಮವ್ವ ನಿನಗ ಕಲಿಸಿಲ್ಲೇನು?"

ತೊಳೆಯುವುದು ಆಮೇಲೆ ಯಾಕೆ ಎಂಬುದು ಪಂಪಾವತಿಗೆ ಆಗ ಅರ್ಥವಾಯಿತು. ಮಣ್ಣು ಹೋಗಲಿ ಎಂದು ಅಲ್ಲ ಅವರು ತೊಳೆಯುತ್ತಿದ್ದದ್ದು.

"ಅತ್ತೀ, ಸುಮ್ನಿರ್ರಿ!" ಶಿವಕುಮಾರಿ ಅತ್ತೆಯನ್ನು ಗದರಿ, ಪಂಪಾವತಿಯ ಕೈಯಿಂದ ಗಲಾಸು ಇಸಿದುಕೊಂಡಳು. "ಹಳೇ ಮಂದಿ, ಅವರ ಮಾತ ಬಿಡು. ಕೊಡು, ಕುಡೀತೀನಿ."

ಗಲಾಸು ತುಟಿಯವರೆಗೆ ಹೋಯಿತು. ತುಟಿ ಸೋಕಿತು. ಪಂಪಾವತಿ ಅವಳ ಗಂಟಲನ್ನೇ ನೋಡುತ್ತಿದ್ದಳು. ಗಂಟಲು ಕದಲಲಿಲ್ಲ. ಶಿವಕುಮಾರಿ ಕಣ್ಣು ಮುಚ್ಚಿ ಇನ್ನೊಮ್ಮೆ ಎತ್ತಿದಳು. ನಾಲ್ಕು ಹನಿ ಸೀರೆಯ ಮೇಲೆ ಬಿದ್ದವು. ಗಲಾಸು ಕೆಳಗಿಳಿಸಿದಾಗ ಅವಳ ಕಣ್ಣು ತುಂಬಿತ್ತು.

"ಇಳಿಯಾಕವಲ್ದವ್ವಾ. ನಾ ಏನ್ ಮಾಡ್ಲಿ? ನನ್ನ ಮನಸ್ಸಿನಾಗ ಏನೂ ಇಲ್ಲ, ಖರೇ ಹೇಳ್ತೀನಿ. ಗಂಟಲದಾಗ ಇಳಿಯಾಕವಲ್ದು."

ಅವಳು ಅಳುತ್ತಿರುವುದು ನೋಡಿ ಪಂಪಾವತಿಯ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಉರಿಯಿತು. ಇಲ್ಲಿಯೂ ಅಳುವ ಹಕ್ಕು ಅವಳದೇ ಏನು? ತಾನು ಈಗ ಈಕೆಯನ್ನು ಸಮಾಧಾನ ಮಾಡಬೇಕೆ?

"ಅಳಬ್ಯಾಡ್ರಿ. ಅಳಾಕ ನಾನೂ ಬಂದಿಲ್ಲ, ನೀವೂ ಬಿಡ್ರಿ," ಅಂದಳು. ಗಲಾಸು ತಿರುಗಿ ತೆಗೆದುಕೊಂಡು, ಅದರಲ್ಲಿದ್ದದ್ದನ್ನು ತಾನೇ ಒಂದೇ ಉಸಿರಿಗೆ ಕುಡಿದಳು. "ಮೇಳದಾಗ ನಾ ಮುಂದ ನಿಂದ್ರತೀನಿ. ನಾನ ಹಿಂಡತೀನಿ, ನಾನ ಕೊಡ್ತೀನಿ. ನಾನೂ ಸಂಘದ ಮೆಂಬರ್ ಅದೀನಿ."

ಶಿವಕುಮಾರಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, ದೊಡ್ಡದೊಂದು ಉಪಕಾರ ಮಾಡುವವಳ ಹಾಗೆ ಹೇಳಿದಳು. "ಆತು, ನಿಂದ್ರು. ನನ್ನದೇನೂ ತಕರಾರಿಲ್ಲ. ಸಿಂಧನೂರಾಗ ನಿನ್ನ ಗುರ್ತ ಯಾರಿಗೈತಿ? ಹೇಳಬ್ಯಾಡ, ಅಷ್ಟ. ಕೇಳಿದ್ರ ನಮ್ಮ ಪೈಕಿ ಅಂತ ಅನ್ನು. ಎಲ್ಲಾರೂ ಕುಡೀತಾರ."

ಪಂಪಾವತಿ ಚರಿಗೆ ಎತ್ತಿಕೊಂಡು ಮನೆಗೆ ಬಂದಳು. ಮೇಳದ ದಿನದವರೆಗೂ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಬಾಯಿ ಮುಚ್ಚಿಕೊಂಡರೆ ಬೇಕಾದ್ದು ಕೈಗೆ ಬರುತ್ತಿತ್ತು. ತನ್ನ ರಸ, ತನ್ನ ಕೈ, ಕುಡಿಯುವ ಜನ. ಭೀಮೇಶ ಕೂಡ, "ಸಿಕ್ಕಷ್ಟ ತಗೋ," ಅಂದ. ಶಾಕೀರಾ ಮಾತ್ರ, "ನಾ ಜೋಡಿ ಬರ್ತೀನಿ. ನಿಂಬೀಹಣ್ಣು ನಾ ಹಿಂಡತೀನಿ," ಅಂದಳು.

ಮೇಳದ ದಿನ ಮಸ್ಕಿಯ ಬಸ್ಸಿನಲ್ಲಿ ಇಬ್ಬರೂ ಶುಂಠಿಯ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಸಿಂಧನೂರಿಗೆ ಹೋದರು. ಶಿವಕುಮಾರಿ, ರೂಪಾ, ಯಶೋಧರಾ ಅಂಗಡಿಯ ಟಂಟಂ ಆಟೋದಲ್ಲಿ ಮೊದಲೇ ಬಂದು ಮೇಜು ಹಾಸಿ, ಚೀಟಿ ಅಂಟಿಸಿದ ಬಾಟಲಿಗಳನ್ನು ಒಂದು ಬದಿಗೆ ಜೋಡಿಸಿದ್ದರು. ಮೈದಾನದಲ್ಲಿ ಶಾಮಿಯಾನ, ಮೈಕು, ದೂಳು. ಸಂತೆಗೆಂದು ಬಂದವರು, ಅಕ್ಕಿ ಗಿರಣಿಗೆ ಭತ್ತ ತಂದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಒಳಗೆ ನುಗ್ಗುತ್ತಿದ್ದರು. ಚಳಿಗಾಳಿ ಇದ್ದುದರಿಂದ ಶುಂಠಿಯ ಘಾಟಿಗೇ ಜನ ಬಂದರು. ಪಂಪಾವತಿ ಮನೆಯಲ್ಲಿ ಹಿಂಡಿ ತಂದಿದ್ದ ತಿಳಿರಸಕ್ಕೆ ಬಿಸಿನೀರು, ಬೆಲ್ಲ, ನಿಂಬೆ ಕಲಸಿ ಕೊಡುತ್ತಾ ಹೋದಳು. ಕುಡಿದವರು ಕಣ್ಣರಳಿಸಿದರು, ಕೆಮ್ಮಿದರು, ನಕ್ಕರು, ಇನ್ನೊಂದು ಕೊಡು ಅಂದರು. ಯಾರೂ ಏನೂ ಕೇಳಲಿಲ್ಲ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಶಿವಕುಮಾರಿ, ನೋಡಿದೆಯಾ ಎಂಬಂತೆ ತಲೆ ಆಡಿಸಿದಳು.

ಇದು ತನಗೆ ಬೇಕಾಗಿದ್ದದ್ದೇ ಎಂದು ಪಂಪಾವತಿ ತನಗೆ ತಾನೇ ಹೇಳಿಕೊಂಡಳು. ಆದರೆ ಪ್ರತಿ ಗಲಾಸು ಕೊಡುವಾಗಲೂ, ಕಳ್ಳ ಮಾಲು ದಾಟಿಸುವವಳ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ತನ್ನ ಕೈಯ ರಸ ಕೊಡುವುದಕ್ಕೆ ತಾನು ಯಾಕೆ ಹೆದರಬೇಕು?

ಬಿಳಿ ಅಂಗಿ, ಬಿಳಿ ಧೋತರ ಉಟ್ಟ ಹಿರಿಯನೊಬ್ಬ ಬಂದ. ಜವಳಗೇರಾ ಊರಿನವನಂತೆ, ಹಿಂದೆ ಇಬ್ಬರು ಮೂವರು ಹಿಂಬಾಲಕರು. ಒಂದು ಗಲಾಸು ತೆಗೆದುಕೊಂಡು ನಿಧಾನವಾಗಿ, ಚಪ್ಪರಿಸುತ್ತ ಕುಡಿದ.

"ಭೇಷ್! ಎದಿ ಬಿಚ್ಚಿದಂಗಾತು ನೋಡವ್ವಾ. ಇನ್ನೊಂದ ಹಾಕು."

ಅವಳು ಇನ್ನೊಂದು ತುಂಬಿ ಕೊಟ್ಟಳು. ಅವನು ಅದನ್ನು ಕೈಯಲ್ಲಿ ಹಿಡಿದು, ಬಿಸಿ ಆರಲಿ ಎಂದು ಊದುತ್ತ, ಮಾತಿಗೆ ಮಾತು ಎಂಬಂತೆ ಕೇಳಿದ. "ಯಾ ಊರವ್ವಾ ನಿಂದು? ಯಾರ ಪೈಕಿ?"

ಹಿಂದಿನಿಂದ ಶಿವಕುಮಾರಿ ತಟ್ಟನೆ, "ನಮ್ಮ ಪೈಕಿನ ರೀ, ಮಸ್ಕಿ..." ಎನ್ನತೊಡಗಿದಳು.

ಅಷ್ಟರಲ್ಲಿ ಪಂಪಾವತಿಯ ಬಾಯಿ ತೆರೆದಿತ್ತು. "ಅಲ್ರಿ. ಅವರ ಪೈಕಿ ಅಲ್ಲ. ತುರ್ವಿಹಾಳ ನಮ್ಮದು. ದಲಿತರ ಓಣಿ. ನಾಟಿ ಗದ್ದೆಮ್ಮನ ಮಗಳು ನಾ."

ಹಿರಿಯ ಊದುವುದು ನಿಲ್ಲಿಸಿದ. ಹಿಂದಿದ್ದವರ ಕಡೆ ಒಮ್ಮೆ ನೋಡಿದ. ಗಲಾಸನ್ನು ಮೆಲ್ಲಗೆ, ಸದ್ದಾಗದ ಹಾಗೆ ಮೇಜಿನ ಮೇಲೆ ಇಟ್ಟ. "ಸಾಕಾತವ್ವಾ. ಪಿತ್ತ ಆಗತೈತಿ ನನಗ," ಎಂದು ತಿರುಗಿದ.

ಇಷ್ಟು ದಿನ ಅಡಗಿಸಿಟ್ಟದ್ದೆಲ್ಲ ಪಂಪಾವತಿಯ ಗಂಟಲಿಗೆ ಬಂತು. "ನಿಂದ್ರ್ರೀ ಯಜಮಾನ್ರ! ಎರಡನೇದು ಇಲ್ಲಿ ಇಟ್ಟ್ರಿ, ಆತು. ಮೊದಲನೇದು ಹೊಟ್ಟ್ಯಾಗ ಐತಲ್ಲಾ, ಅದನ್ನೇನ ಮಾಡ್ತೀರಿ? ಅದಕ್ಕ ಭೇಷ್ ಅಂದಿದ್ರಿ ಈಗಷ್ಟ."

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹಿರಿಯನ ಕಿವಿ ಕೆಂಪಾಯಿತು. ಅವನು ಜನರನ್ನು ತಳ್ಳಿಕೊಂಡು ಹೋದ. ಸಾಲಿನಿಂದ ಇನ್ನೂ ಕೆಲವರು ಸದ್ದಿಲ್ಲದೆ ಜಾರಿಕೊಂಡರು. ಒಬ್ಬಾಕೆ ತನ್ನ ಮಗುವಿನ ಕೈ ಹಿಡಿದು ಎಳೆದುಕೊಂಡೇ ಹೋದಳು.

"ಏನ್ ಮಾಡಿಬಿಟ್ಟಿಬೇ!" ಶಿವಕುಮಾರಿ ಎದ್ದು ನಿಂತು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಎಲ್ಲಾ ಕುಡಿಯಾಕತ್ತಿದ್ರಲ್ಲಾ! ಸಂಘದ ಇಜ್ಜತ್ ಕಳದಿ. ಹೇಳಬ್ಯಾಡ ಅಂತ ನಾ ಬಡಕೊಂಡಿದ್ದೆ."

"ನನ್ನ ಇಜ್ಜತ್ ಯಾರ ಕಡೆ ಇಟ್ಟಿದ್ರಿ ನೀವು? ಕರಿಬೇವಿನ ಬುಡದಾಗೇನು?"

ಶಿವಕುಮಾರಿ ಕುರ್ಚಿಯನ್ನು ದರದರ ಎಳೆದುಕೊಂಡು ಪಕ್ಕದ ಕೌದಿಯವರ ಅಂಗಡಿಗೆ ಹೋಗಿ ಬೆನ್ನು ಮಾಡಿ ಕೂತಳು. ಯಶೋಧರಾ ಅವಳ ಹಿಂದೆಯೇ ಹೋದಳು. ರೂಪಾ ಅಲ್ಲಿಗೂ ಹೋಗದೆ, ಇಲ್ಲಿಯೂ ನಿಲ್ಲದೆ, ಎರಡರ ನಡುವೆ ಕಂಬ ಹಿಡಿದು ನಿಂತಳು.

ಸಾಲು ಅರ್ಧಕ್ಕರ್ಧ ಕರಗಿತ್ತು. ಮೇಜಿನ ಮೇಲೆ ಹಿರಿಯ ಬಿಟ್ಟುಹೋದ ಗಲಾಸು ಹಬೆಯಾಡುತ್ತಿತ್ತು. ತಲೆಗೆ ಟವೆಲು ಸುತ್ತಿ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿದ್ದ ಕೂಲಿಯ ಹೆಂಗಸೊಬ್ಬಳು ಮುಂದೆ ಬಂದು ಅದಕ್ಕೆ ಕೈ ಹಾಕಿದಳು.

"ಇದು ಯಾರದರ ಐತೇನಬೇ?"

"ಇಲ್ಲಬೇ. ಕುಡಿಯೋ ಧೈರ್ಯ ಇದ್ದೋರದು."

"ಧೈರ್ಯ ಯಾಕ ಬೇಕು, ಚಳಿ ಇದ್ರ ಸಾಕು." ಅವಳು ಗಟಗಟ ಕುಡಿದು, ಖಾರಕ್ಕೆ ಮುಖ ಕಿವುಚಿ, "ಅಯ್ಯ ನಿನ್ನ ಮನಿ ಹಾಳಾಗ!" ಎಂದು ಬೈದು, ಹಿಂದಿದ್ದ ತನ್ನ ಜೊತೆಯವರನ್ನು ಕೂಗಿದಳು. "ಬರ್ರೇ ಇತ್ತ! ಎಲ್ಲಾರೂ ಬರ್ರಿ!"

ಅವರು ಬಂದರು. ಅವರ ಹಿಂದೆ ಕಾಲೇಜಿನ ಹುಡುಗಿಯರಿಬ್ಬರು, ಬಸ್ ಕಂಡಕ್ಟರ್ ಒಬ್ಬ. ಮನೆಯಿಂದ ತಂದ ತಿಳಿರಸ ತಳ ಕಂಡಿತು. ಶಾಕೀರಾ ಖಾಲಿ ಬೋಗುಣಿಯನ್ನು ಅಲ್ಲಾಡಿಸಿ ತೋರಿಸಿದಳು.

ಪಂಪಾವತಿ ಚೀಲಕ್ಕೆ ಕೈ ಹಾಕಿ ಶುಂಠಿ ತೆಗೆದಳು. ತೊಳೆದಳು, ಹೆರೆದಳು, ಎಲ್ಲರ ಎದುರಿಗೇ ತುರಿದಳು. ಸಿಟ್ಟು ಇಳಿದಿರಲಿಲ್ಲ. ಕೌದಿಯ ಅಂಗಡಿಯ ಕಡೆ ತಿರುಗಿ ಕೂತ ಆ ಬೆನ್ನನ್ನು ನೋಡಿದಾಗಲೆಲ್ಲ ತುರಿಯುವ ಕೈಗೆ ಇನ್ನಷ್ಟು ಬಲ ಬರುತ್ತಿತ್ತು. ಆದರೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಅರಿವೆಯಲ್ಲಿ ಗಂಟು ಕಟ್ಟಿ, ಗಂಟನ್ನು ಸಾಲಿನ ಕಡೆಯವರಿಗೂ ಕಾಣುವಷ್ಟು ಎತ್ತರಕ್ಕೆ ಹಿಡಿದು, ಎರಡೂ ಮುಷ್ಟಿ ಬಿಗಿದು ಹಿಂಡಿದಳು. ರಸ ಬೆರಳ ಸಂದಿಯಿಂದ ಹೊರಟು, ಮುಂಗೈ ಮೇಲೆ ಹರಿದು, ಬೋಗುಣಿಗೆ ಧಾರೆಯಾಗಿ ಬಿತ್ತು.

"ಸರಿಯಾಗಿ ನೋಡ್ಕೋರ್ರಿ," ಅಂದಳು, ಕೌದಿಯ ಅಂಗಡಿಯವರೆಗೂ ಕೇಳುವ ಹಾಗೆ. "ಈ ಕೈಲೇ ಹಿಂಡೀನಿ. ಬ್ಯಾಡಾದೋರು ಈಗ ಹೋಗ್ರಿ. ಬೇಕಾದೋರು ಜರಾ ತಡೀರಿ, ತಿಳಿ ಆಗಲಿ."